ಇಸಿಮ್ ಇದೆಯೋ ಇಲ್ಲವೋ ಪಟ್ಟಿಯನ್ನಲ್ಲ, ಫೋನನ್ನೇ ಕೇಳಿ

ಅಕ್ಕನ ಬಾಣಂತನಕ್ಕೆ ಸಿಂಧನೂರಿಂದ ದುಬೈಗೆ ಹೊರಟ ನಿಮ್ಮವ್ವ, ಮುಂದಿನ ವಾರ ಹೈದರಾಬಾದಿನಿಂದ ವಿಮಾನ, ಕೈಯಲ್ಲಿ ಎರಡು ಸಿಮ್ ಹಾಕಿದ ಸ್ಯಾಮ್‌ಸಂಗ್. "ನೆಟ್ಟಲ್ಲಿರೋ ಮಾಡೆಲ್ ಪಟ್ಟಿಯಲ್ಲಿ ಈ ಫೋನಿಗೆ ಇಸಿಮ್ ಇದೆ ಅಂತ ತೋರಿಸ್ತಿದೆ, ಅವರ ನಂಬರನ್ನೇ ಇಸಿಮ್ ಮಾಡಿಸಿಬಿಡಲಾ?" ಅಂತ ಕೇಳಿದ್ದೀರಿ. ಇಸಿಮ್ ಅಂದರೆ ಪ್ಲಾಸ್ಟಿಕ್ ಸಿಮ್ ಬದಲು ಫೋನಿನೊಳಗಿನ ಚಿಪ್ಪಿಗೇ ಇಳಿಸಿಕೊಳ್ಳೋ ಸಿಮ್. ಮಾಡಿಸಬೇಡಿ. ಪಟ್ಟಿಯನ್ನೂ ನಂಬಬೇಡಿ. ನಾನು ಬಳ್ಳಾರಿಯಲ್ಲಿ ಮೊಬೈಲ್ ಅಂಗಡಿ ಇಟ್ಟವನು, ಕೌಂಟರಿಗೆ ಪ್ರಯಾಣದ ಹಿಂದಿನ ದಿನ ಓಡಿಬರುವವರದ್ದು ಹೆಚ್ಚುಕಮ್ಮಿ ಇದೇ ಪ್ರಶ್ನೆ.

ಪಟ್ಟಿ ಯಾಕೆ ಸಾಲದು ಅಂದರೆ, ಒಂದೇ ಹೆಸರಿನ ಫೋನು ದೇಶದಿಂದ ದೇಶಕ್ಕೆ ಬೇರೆ. ಐಫೋನ್ 14 ತಗೊಳ್ಳಿ. ಅಮೆರಿಕದಲ್ಲಿ ಮಾರಿದ್ದಕ್ಕೆ ಸಿಮ್ ಟ್ರೇನೇ ಇಲ್ಲ, ಬರೀ ಇಸಿಮ್. ಚೀನಾದ್ದಕ್ಕೆ ಎರಡು ಸಿಮ್ ಜಾಗ ಇದೆ, ಇಸಿಮ್ ಇಲ್ಲ. ನಮ್ಮಲ್ಲಿ ಮಾರಿದ್ದಕ್ಕೆ ಒಂದು ಸಿಮ್, ಜೊತೆಗೆ ಇಸಿಮ್. ನಿಮ್ಮವ್ವನ ಫೋನು ಸಂಬಂಧಿಕರು ಹೊರಗಿಂದ ತಂದುಕೊಟ್ಟದ್ದಾದರೆ ಪಟ್ಟಿ ಇನ್ನೂ ಕೆಲಸಕ್ಕೆ ಬಾರದು.

ಫೋನಲ್ಲಿ *#06# ಒತ್ತಿ. ಫೋನಿನ ಗುರುತಾದ ಐಎಂಇಐ ನಂಬರುಗಳ ಜೊತೆ, ಇಸಿಮ್ ಚಿಪ್ಪಿನ ಗುರುತಾದ ಇಐಡಿ ಅಂತ 32 ಅಂಕಿಯ, 89ರಿಂದ ಶುರುವಾಗುವ ನಂಬರು ಬಂದರೆ ಒಳಗೆ ಚಿಪ್ ಇದೆ. ಹಳೇ ಫೋನುಗಳಲ್ಲಿ ಇದು ಅಲ್ಲಿ ಕಾಣದೆ ಸೆಟ್ಟಿಂಗ್ಸ್‌ನ 'ಅಬೌಟ್ ಫೋನ್' ಒಳಗೆ ಇರಬಹುದು, ಅಲ್ಲೂ ನೋಡಿ. ಚಿಪ್ ಇದ್ದೂ ಸಾಫ್ಟ್‌ವೇರಿನಲ್ಲಿ ಮುಚ್ಚಿಟ್ಟ ಫೋನುಗಳೂ ಇವೆ. ಹಾಗಾಗಿ ಸೆಟ್ಟಿಂಗ್ಸ್, ಕನೆಕ್ಷನ್ಸ್, ಸಿಮ್ ಮ್ಯಾನೇಜರ್‌ಗೆ ಹೋಗಿ 'ಆ್ಯಡ್ ಇಸಿಮ್' ಇದೆಯಾ ನೋಡಿ. ಎರಡೂ ಸಿಕ್ಕರೆ ಮಾತ್ರ ಇದೆ ಅನ್ನಿ. ಕಂತಿನ ಮೇಲೆ ಅಮೆರಿಕದಲ್ಲಿ ಕೊಂಡ ಫೋನಾದರೆ ಅಲ್ಲಿನ ಕಂಪನಿಗೆ ಲಾಕ್ ಆಗಿರಬಹುದು, ಬೇರೆ ಕಂಪನಿಯ ಸಿಮ್ ನಡೆಯಲ್ಲ. ಐಫೋನಲ್ಲಿ 'ಅಬೌಟ್' ಒಳಗೆ 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಅಂತಿರಬೇಕು.

ಇನ್ನು ಎರಡು ಸಿಮ್ಮಿನ ವಿಷಯ. ನಮ್ಮ ಕಡೆ ಹಳ್ಳಿ ಸಿಗ್ನಲ್‌ಗೊಂದು, ಬ್ಯಾಂಕಿಗೊಂದು ಅಂತ ಎರಡೂ ಜಾಗ ತುಂಬಿರುತ್ತೆ. ಒಂದೇ ಹೊತ್ತಿಗೆ ಚಾಲೂ ಇರೋದು ಸಾಮಾನ್ಯವಾಗಿ ಎರಡೇ ಲೈನು. ಮೂರನೆಯದಾಗಿ ಇಸಿಮ್ ಹಾಕಿದರೆ ಒಂದನ್ನು ಆಫ್ ಮಾಡಲೇಬೇಕು. ಬ್ಯಾಂಕಿಗೆ ಕೊಟ್ಟ ನಂಬರು ಯಾವುದು ಅಂತ ಮೊದಲೇ ತಿಳ್ಕೊಂಡು, ಇನ್ನೊಂದನ್ನು ಆಫ್ ಮಾಡಿ.

ನಂಬರನ್ನು ಇಸಿಮ್ ಮಾಡಿಸೋ ವಿಚಾರ ಬೇರೆ, ಹೆಚ್ಚು ಜನ ಎಡವೋದೂ ಇಲ್ಲೇ. ಪ್ರವಾಸಕ್ಕೆ ಬೇಕಾದದ್ದು ಅಲ್ಲಿನ ಡೇಟಾಕ್ಕೆ ಹೊಸದೊಂದು ಇಸಿಮ್. ಇಲ್ಲಿನ ಸಿಮ್ ಇದ್ದಲ್ಲೇ ಇರಲಿ. ಅದನ್ನು ಇಸಿಮ್‌ಗೆ ಬದಲಿಸಿದರೆ ಕಂಪನಿ ಲೆಕ್ಕದಲ್ಲಿ ಅದು ಸಿಮ್ ಬದಲಾವಣೆ. ದೂರಸಂಪರ್ಕ ಇಲಾಖೆಯ ನಿಯಮದಂತೆ ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಹೋಗಲ್ಲ, ಬರಲ್ಲ. ಬೇರೆಯವರ ನಂಬರಿಗೆ ನಕಲಿ ಸಿಮ್ ಮಾಡಿಸಿಕೊಂಡು ಓಟಿಪಿ ಕದಿಯೋರನ್ನು ತಡೆಯೋಕೆ ಮಾಡಿದ್ದು, ನಿಯಮ ಸರಿಯಾದದ್ದೇ. ಆದರೆ ಹೊರಡೋ ಹಿಂದಿನ ದಿನ ಮಾಡಿಸಿದರೆ ಬ್ಯಾಂಕ್ ಕಾರ್ಡಿಗೆ ವಿದೇಶದ ಬಳಕೆ ತೆರೆಯೋಕೂ ಓಟಿಪಿ ಇಲ್ಲ, ಪ್ರವಾಸದ ಇಸಿಮ್‌ಗೆ ದುಡ್ಡು ಕಟ್ಟೋಕೂ ಇಲ್ಲ. ಅದು ದಾಟಿದರೂ ಮುಗೀಲಿಲ್ಲ. ದುಬೈಯಲ್ಲಿ ಫೋನು ಬಿದ್ದು ಪರದೆ ಒಡೆದರೆ ಪ್ಲಾಸ್ಟಿಕ್ ಸಿಮ್ಮನ್ನು ತೆಗೆದು ಅಕ್ಕನ ಹಳೇ ಫೋನಿಗೆ ಹಾಕಬಹುದು. ಇಸಿಮ್ ಆದರೆ ಮತ್ತೆ ಕೊಡಿ ಅಂತ ಕಂಪನಿಯನ್ನು ಕೇಳಬೇಕು, ಅವರು ಖಚಿತ ಮಾಡಿಕೊಳ್ಳೋದು ಬಹಳ ಸಲ ಅದೇ ನಂಬರಿಗೆ ಮೆಸೇಜೋ ಕರೆಯೋ ಕಳಿಸಿ. ವಯಸ್ಸಾದವರ ಕೈಗೆ ಇದನ್ನು ಕೊಡಬಾರದು, ನನ್ನ ಮಾತು ಇಷ್ಟೇ.

ಪ್ರವಾಸದ ಇಸಿಮ್ಮನ್ನು ಮನೆಯ ವೈಫೈಯಲ್ಲೇ ಹಾಕಿಕೊಡಿ. ಕೆಲವು ಪ್ಲಾನ್‌ಗಳ ದಿನದ ಲೆಕ್ಕ ಇಸಿಮ್ ಹಾಕಿದ ಕೂಡಲೇ ಶುರು, ಕೆಲವುಗಳದ್ದು ಅಲ್ಲಿನ ನೆಟ್‌ವರ್ಕ್ ಹಿಡಿದ ಮೇಲೆ. ಕೊಳ್ಳೋ ಮೊದಲು ಇದನ್ನು ಓದಿ. ಕ್ಯೂಆರ್ ಕೋಡನ್ನು ನಿಮ್ಮ ಫೋನಿನ ಪರದೆ ಮೇಲಿಟ್ಟು ಅವರ ಫೋನಿಂದ ಸ್ಕ್ಯಾನ್ ಮಾಡಿ. ಕೋಡು ಸಾಮಾನ್ಯವಾಗಿ ಒಂದೇ ಸಲಕ್ಕೆ, ಅಲ್ಲಿ ನೆಟ್ ಬರಲಿಲ್ಲ ಅಂತ ಗಾಬರಿಯಲ್ಲಿ ಡಿಲೀಟ್ ಮಾಡಬೇಡಿ ಅಂತ ನಿಮ್ಮವ್ವನಿಗೆ ಹೇಳಿಬಿಡಿ. ನೆಟ್ ಬರದಿರೋದಕ್ಕೆ ಮಾಮೂಲಿ ಕಾರಣ ಆ ಇಸಿಮ್‌ಗೆ ಡೇಟಾ ರೋಮಿಂಗ್ ಆನ್ ಮಾಡದಿರೋದು. ಇಲ್ಲಿನ ಸಿಮ್‌ಗೆ ಮಾತ್ರ ಡೇಟಾ ರೋಮಿಂಗ್ ಆಫ್ ಇರಲಿ. ಹಾಗೇ ಇಲ್ಲಿನ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಸೇವೆ (ವಿದೇಶದಲ್ಲಿ ಮೆಸೇಜು, ಕರೆ ಬರೋದಕ್ಕೆ ಬೇಕಾದದ್ದು) ಚಾಲೂ ಇದೆಯಾ, ರೀಚಾರ್ಜ್ ಅವಧಿ ಅವರು ವಾಪಸ್ ಬರೋವರೆಗೂ ಇದೆಯಾ ನೋಡಿ, ಇಲ್ಲದಿದ್ದರೆ ಓಟಿಪಿ ಅಲ್ಲಿಗೆ ತಲುಪೋದಿಲ್ಲ. ಪ್ರವಾಸದ ಇಸಿಮ್‌ಗೆ ಹೆಚ್ಚಾಗಿ ಫೋನ್ ನಂಬರು ಇರೋದಿಲ್ಲ, ಬರೀ ಡೇಟಾ. ವಾಟ್ಸಾಪ್ ಹಳೇ ನಂಬರಲ್ಲೇ ನಡೆಯುತ್ತೆ, ಆದರೆ ದುಬೈ ಇರೋ ಯುಎಇ ದೇಶದ ನೆಟ್‌ವರ್ಕಲ್ಲಿ ವಾಟ್ಸಾಪ್ ಕರೆಗೆ ತಡೆ ಇದೆ, ಮೆಸೇಜು ಮಾತ್ರ. ಅಲ್ಲಿನವರು ಕರೆಗೆ ಬಳಸೋ ಆ್ಯಪ್ ಬೋಟಿಮ್, ನಿಮ್ಮ ಫೋನಿಗೂ ಹಾಕಿಕೊಳ್ಳಿ.

ಇಐಡಿ ಬರಲಿಲ್ಲ ಅಂದರೂ ಹೊಸ ಫೋನು ಕೊಡಿಸೋಕೆ ಹೋಗಬೇಡಿ. ಬಾಣಂತನಕ್ಕೆ ಹೋದವರು ಇರೋದು ಮನೇಲಿ, ಅಲ್ಲಿ ಅಕ್ಕನ ವೈಫೈ ಇದ್ದೇ ಇರುತ್ತೆ. ಹೊರಗೆ ಓಡಾಡೋದಕ್ಕೆ ಬೇಕಾದರೆ ದುಬೈ ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿ ಮಾಮೂಲಿ ಸಿಮ್ ತಗೊಳ್ಳಬಹುದು. ಬ್ಯಾಂಕಿನದಲ್ಲದ ಸಿಮ್ಮಿನ ಜಾಗಕ್ಕೆ ಅದನ್ನು ಹಾಕಿ, ತೆಗೆದದ್ದನ್ನು ಪಾಸ್‌ಪೋರ್ಟ್ ಕವರಿನೊಳಗೆ ಅಂಟಿಸಿಡಲಿ.