ಟೀವಿ ವಿಶ್ಲೇಷಕರ ‘ಸಾರ್ವಕಾಲಿಕ ಹತ್ತು’ ಬಾಸ್ಕೆಟ್‌ಬಾಲ್ ಆಟಗಾರರ ಪಟ್ಟಿಯಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದ ಹಳೆಯ ಆಟಗಾರ ಬಿಲ್ ರಸೆಲ್ ಇಲ್ಲ. ಇದು ತಪ್ಪೆಂದು ತೋರಿಸುವ ಅಂಕಿಅಂಶ ಯಾವುದು?

ಪುಣೆಯಲ್ಲಿ ಕುಳಿತು ಬೆಳ್ಳಂಬೆಳಗ್ಗೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಪಂದ್ಯ ನೋಡುವ ನಿಮ್ಮ ಸಿಟ್ಟು ನನಗೆ ಚೆನ್ನಾಗಿ ಗೊತ್ತು. ಮುಂಬಯಿಯ ಮಾಟುಂಗದಲ್ಲಿ ಬೆಳೆದ ನಾನು ಕಾಲೇಜಿನ ದಿನಗಳಲ್ಲಿ ಇದೇ ಸಿಟ್ಟನ್ನು ಹೊತ್ತು ತಿರುಗಿದವನು. ರಸೆಲ್ ಅವರ ಅಂಕಗಳ ಸರಾಸರಿ ಕಡಿಮೆ, ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಒಂದೂ ಇಲ್ಲ ಎಂದು ಆ ವಿಶ್ಲೇಷಕರು ಹೇಳಿದ್ದಾಗಿ ಬರೆದಿದ್ದೀರಿ, ಅದಕ್ಕೆ ಎದುರಾಗಿ ಇಡಬಹುದಾದ ಅಂಕಿಅಂಶ ಕೇಳಿದ್ದೀರಿ. ಅಂಥದ್ದನ್ನು ಹುಡುಕಲೇಬೇಡಿ ಎಂಬುದು ನನ್ನ ಉತ್ತರ. ನಾನು ಹುಡುಕಿದ್ದೆ, ಕೊನೆಗೆ ನನ್ನದೇ ಒಂದು ಸೂತ್ರವನ್ನೂ ಮಾಡಿಕೊಂಡಿದ್ದೆ, ಅದರಿಂದ ನಮ್ಮ ತಂಡ ಒಳ್ಳೆಯ ಆಟಗಾರನೊಬ್ಬನನ್ನು ಕಳೆದುಕೊಂಡಿತು.

ಆಗ ನಾನು ಕಾಲೇಜು ತಂಡದ ನಾಯಕ, ಆಡುತ್ತಿದ್ದದ್ದು ಚೆಂಡನ್ನು ಮುಂದೊಯ್ಯುವ ಗಾರ್ಡ್ ಜಾಗದಲ್ಲಿ. ಅಂತರ ಕಾಲೇಜು ಪಂದ್ಯಾವಳಿಗೆ 12 ಜನರ ತಂಡವನ್ನು ಸೂಚಿಸುವಂತೆ ಕೋಚ್ ನನಗೇ ಹೇಳಿದ್ದರು. ಟೀವಿಯ ಪಟ್ಟಿಗಳೆಲ್ಲ ಬಾಯಿಗೆ ಬಂದಂತೆ ಮಾಡಿದವು, ನಾನು ಲೆಕ್ಕ ಹಾಕಿ ನ್ಯಾಯವಾಗಿ ಮಾಡುತ್ತೇನೆ ಎಂಬ ನಂಬಿಕೆಯಿಂದ ಅಭ್ಯಾಸ ಪಂದ್ಯಗಳ ಸ್ಕೋರ್‌ಶೀಟ್‌ಗಳನ್ನು ಮುಂದಿಟ್ಟುಕೊಂಡು, ಪ್ರತಿಯೊಬ್ಬನ ಅಂಕ, ಗುರಿ ತಪ್ಪಿ ಮರಳಿದ ಚೆಂಡನ್ನು ಹಿಡಿದ ರಿಬೌಂಡ್, ಅಂಕಕ್ಕೆ ದಾರಿಯಾದ ಪಾಸ್ ಅಂದರೆ ಅಸಿಸ್ಟ್‌ಗಳನ್ನು ಕೂಡಿ ಎಲ್ಲರಿಗೂ ಕ್ರಮಾಂಕ ಕೊಟ್ಟೆ. ವಡಾಳಾದಲ್ಲಿ ಸೋದರಮಾವನ ಮನೆಯಲ್ಲಿದ್ದು, ಸಂಜೆ ಅವರ ಹೋಟೆಲಿನ ಗಲ್ಲಾ ನೋಡಿಕೊಳ್ಳುತ್ತಿದ್ದ ಉಡುಪಿ ಕಡೆಯ ಹುಡುಗ ಹದಿಮೂರನೆಯವನಾದ. ಅವನನ್ನು ಕೈಬಿಟ್ಟೆ.

ಈ ತಪ್ಪನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ವಿಶ್ಲೇಷಕರು ಮಾಡಿರುವುದೂ ಇದನ್ನೇ. ಆ ಹುಡುಗ ರಿಬೌಂಡ್ ಹಿಡಿಯುತ್ತಲೇ ಇರಲಿಲ್ಲ. ಎದುರಾಳಿ ಚೆಂಡನ್ನು ಬಾಸ್ಕೆಟ್‌ನತ್ತ ಎಸೆದ ಕೂಡಲೇ ಉಳಿದವರೆಲ್ಲ ತಲೆ ಎತ್ತಿ ಚೆಂಡನ್ನು ನೋಡಿದರೆ, ಅವನು ಹಿಂತಿರುಗಿ ಎದುರು ತಂಡದ ಅತಿ ಎತ್ತರದ ಆಟಗಾರನನ್ನು ಹುಡುಕಿ, ಕಾಲು ಅಗಲಿಸಿ, ಸೊಂಟ ತಗ್ಗಿಸಿ, ಬೆನ್ನಿನಿಂದಲೇ ಅವನನ್ನು ಬಾಸ್ಕೆಟ್‌ನಿಂದ ದೂರ ಒತ್ತಿ ಹಿಡಿಯುತ್ತಿದ್ದ. ಖಾಲಿಯಾದ ಆ ಜಾಗದಲ್ಲಿ ಬೀಳುವ ಚೆಂಡನ್ನು ಬಾಸ್ಕೆಟ್ ಬಳಿ ಆಡುವ ನಮ್ಮ ಸೆಂಟರ್ ನಿರಾಯಾಸವಾಗಿ ಹಿಡಿಯುತ್ತಿದ್ದ, ಸ್ಕೋರ್‌ಶೀಟಿನಲ್ಲಿ ರಿಬೌಂಡ್ ಸೆಂಟರ್‌ನ ಹೆಸರಿಗೆ ಬೀಳುತ್ತಿತ್ತು. ನನ್ನ ಸೂತ್ರದಲ್ಲಿ ಸೆಂಟರ್ ಎರಡನೆಯವನು, ಅವನನ್ನು ಎರಡನೆಯವನನ್ನಾಗಿ ಮಾಡಿದವನು ಹದಿಮೂರನೆಯವನು.

ಇನ್ನೊಂದು ವಿಷಯ ನನಗೇ ಸಂಬಂಧಿಸಿದ್ದು. ಚೆಂಡಿರುವ ಎದುರಾಳಿಯನ್ನು ನಾನು ಎದುರಿಸುವಾಗ ನನ್ನ ಹಿಂದೆ ಯಾರು ಸ್ಕ್ರೀನ್ ಹಾಕಲು, ಅಂದರೆ ನನ್ನ ದಾರಿಗೆ ಅಡ್ಡ ನಿಲ್ಲಲು, ಬರುತ್ತಿದ್ದಾರೆಂಬುದು ನನಗೆ ಕಾಣಿಸುವುದಿಲ್ಲ. ಅವನು ಹಿಂದಿನಿಂದ ‘ಎಡಕ್ಕೆ ಬಂದ, ಎಡಕ್ಕೆ’ ಎಂದು ಕನ್ನಡದಲ್ಲೇ ಕೂಗುತ್ತಿದ್ದ, ಎದುರು ತಂಡಕ್ಕೆ ಅದು ಅರ್ಥವಾಗುತ್ತಿರಲಿಲ್ಲ. ನಾನು ಒಂದು ಹೆಜ್ಜೆ ಮುಂಚೆಯೇ ಜರುಗಿ ಸ್ಕ್ರೀನ್ ತಪ್ಪಿಸಿಕೊಳ್ಳುತ್ತಿದ್ದೆ. ನನ್ನ ಡಿಫೆನ್ಸ್ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಿದ್ದರು, ನಾನೂ ಅದನ್ನು ನನ್ನದೇ ಗುಣವೆಂದು ನಂಬಿದ್ದೆ. ಕೂಗಿಗೆ ಸ್ಕೋರ್‌ಶೀಟಿನಲ್ಲಿ ಕಾಲಂ ಇಲ್ಲ.

ಸೆಮಿಫೈನಲ್‌ನಲ್ಲಿ ನಾಗಪಾಡಾದ ಅಂಗಳಗಳಲ್ಲಿ ಆಡಿ ಗಟ್ಟಿಯಾದ ಹುಡುಗರಿದ್ದ ತಂಡ ನಮಗೆ ಎದುರಾಯಿತು. ಅವರು ಸ್ಕ್ರೀನ್ ಹಾಕಿ ಬಾಸ್ಕೆಟ್‌ನತ್ತ ತಿರುಗುವ ‘ಪಿಕ್ ಅಂಡ್ ರೋಲ್’ ಎಂಬ ಒಂದೇ ತಂತ್ರವನ್ನು ಮತ್ತೆ ಮತ್ತೆ ಆಡಿದರು, ನಾನು ಮತ್ತೆ ಮತ್ತೆ ಸ್ಕ್ರೀನಿಗೆ ಎದೆ ಕೊಟ್ಟು ನಿಂತೆ, ಅಷ್ಟರಲ್ಲಿ ಅವರ ಗಾರ್ಡ್ ಬಾಸ್ಕೆಟ್ ತಲುಪಿರುತ್ತಿದ್ದ. ನಮ್ಮ ಸೆಂಟರ್‌ನ ಕೈಗೆ ಅಂದು ರಿಬೌಂಡೇ ಸಿಗಲಿಲ್ಲ. ಸೋಲಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ: ಆ ಹುಡುಗ ಅಂಗಳಕ್ಕೆ ಬರುವುದನ್ನೇ ಬಿಟ್ಟ. ಮಾವನ ಹೋಟೆಲಿಗೆ ಹೋಗಿ ಕರೆದೆ. ‘ಪಟ್ಟಿ ನೋಡಿದೆನಲ್ಲ’ ಎಂದಷ್ಟೇ ಹೇಳಿ ಗಿರಾಕಿಗೆ ಚಿಲ್ಲರೆ ಎಣಿಸತೊಡಗಿದ.

ಈಗ ರಸೆಲ್ ವಿಷಯಕ್ಕೆ ಬನ್ನಿ. ಬಾಸ್ಕೆಟ್‌ನತ್ತ ಹೊರಟ ಎದುರಾಳಿಯ ಎಸೆತವನ್ನು ತಡೆಯುವ ಬ್ಲಾಕ್ ಮತ್ತು ಚೆಂಡು ಕಸಿಯುವ ಸ್ಟೀಲ್‌ಗಳನ್ನು ಎನ್‌ಬಿಎ ಅಧಿಕೃತವಾಗಿ ದಾಖಲಿಸತೊಡಗಿದ್ದು 1973-74ರ ಋತುವಿನಿಂದ. ರಸೆಲ್ ನಿವೃತ್ತರಾದದ್ದು 1969ರಲ್ಲಿ. ಯಾವ ಕೆಲಸದಿಂದ ಅವರು ಬಾಸ್ಟನ್ ಸೆಲ್ಟಿಕ್ಸ್‌ಗೆ 13 ಋತುಗಳಲ್ಲಿ 11 ಚಾಂಪಿಯನ್‌ಶಿಪ್ ತಂದುಕೊಟ್ಟರೋ ಆ ಕೆಲಸವನ್ನು ಅವರು ಆಡುತ್ತಿದ್ದಷ್ಟು ಕಾಲ ಅಧಿಕೃತವಾಗಿ ಯಾರೂ ಎಣಿಸಲೇ ಇಲ್ಲ. ಫೈನಲ್ಸ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಕೊಡತೊಡಗಿದ್ದೇ 1969ರಲ್ಲಿ, ಅಂದರೆ ಅವರ ಕೊನೆಯ ಋತುವಿನಲ್ಲಿ. ಆ ವರ್ಷ ಅದು ಸೋತ ಲೇಕರ್ಸ್ ತಂಡದ ಜೆರ್ರಿ ವೆಸ್ಟ್ ಅವರಿಗೆ ಹೋಯಿತು. 2009ರಿಂದ ಆ ಪ್ರಶಸ್ತಿಗೆ ಇರುವ ಹೆಸರು ಬಿಲ್ ರಸೆಲ್ ಅವರದೇ. ಇದನ್ನೆಲ್ಲ ತಿಳಿದೂ ‘ಪ್ರಶಸ್ತಿ ಒಂದೂ ಇಲ್ಲ’ ಎಂದು ಅವರನ್ನು ಹೊರಗಿಡುವುದು ದೊಡ್ಡ ಅನ್ಯಾಯ.

1961-62ರಲ್ಲಿ ರಸೆಲ್ ಅವರ ಪ್ರಬಲ ಎದುರಾಳಿ ವಿಲ್ಟ್ ಚೇಂಬರ್ಲೇನ್ ಪಂದ್ಯಕ್ಕೆ 50.4 ಅಂಕಗಳ ಸರಾಸರಿಯಲ್ಲಿ ಆಡಿದರು, ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ್ದೂ ಆ ಋತುವಿನಲ್ಲೇ. ಆದರೂ ಋತುವಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ರಸೆಲ್‌ಗೆ ಬಂತು. ಆಗ ಮತ ಹಾಕುತ್ತಿದ್ದವರು ಆಟಗಾರರೇ, ಇಬ್ಬರ ಎದುರಿಗೂ ಆಡಿ ಮೈ ನೋಯಿಸಿಕೊಂಡವರು. ನನಗೆ ಈ ತೀರ್ಪಿನ ಮೇಲೆ ಯಾವ ವಿಶ್ಲೇಷಕರ ಪಟ್ಟಿಗಿಂತಲೂ ಹೆಚ್ಚು ನಂಬಿಕೆ.

ಹೊಸ ಕಾಲದಲ್ಲಿ ಎಲ್ಲವನ್ನೂ ಎಣಿಸುತ್ತಾರಲ್ಲ ಎಂದು ನೀವು ಕೇಳಬಹುದು. 2016-17ರಲ್ಲಿ ಒಕ್ಲಹೋಮಾ ಸಿಟಿ ತಂಡದ ಗಾರ್ಡ್ ರಸೆಲ್ ವೆಸ್ಟ್‌ಬ್ರೂಕ್ ಪಂದ್ಯಕ್ಕೆ 10.7 ರಿಬೌಂಡ್ ಹಿಡಿದರು. ಅದೇ ತಂಡದ ಸೆಂಟರ್ ಸ್ಟೀವನ್ ಆಡಮ್ಸ್ ಎದುರಾಳಿಯನ್ನು ಬೆನ್ನಿನಿಂದ ತಡೆದು ವೆಸ್ಟ್‌ಬ್ರೂಕ್‌ಗೆ ದಾರಿ ಬಿಟ್ಟುಕೊಡುತ್ತಿದ್ದುದನ್ನು ಆ ಪಂದ್ಯಗಳಲ್ಲಿ ಕಣ್ಣಾರೆ ಕಾಣಬಹುದು. ನನಗೆ ಮೊದಲು ನೆನಪಾದದ್ದು ವಡಾಳಾದ ಹುಡುಗ.

ಎನ್‌ಬಿಎ ಕೂಡ 2021ರಲ್ಲಿ ತನ್ನ 75ನೇ ವರ್ಷದ ಶ್ರೇಷ್ಠರನ್ನು ಆರಿಸಿದಾಗ ಯಾರಿಗೂ ಕ್ರಮಾಂಕ ಕೊಡಲಿಲ್ಲ. ಮತಗಳು ಸಮವಾಗಿದ್ದರಿಂದ 75ರ ಬದಲು 76 ಹೆಸರುಗಳನ್ನು ಪ್ರಕಟಿಸಿತು. ವಿಶ್ಲೇಷಕರಿಗೆ ಮಾತ್ರ ಒಬ್ಬರು ಏಳನೆಯವರು, ಇನ್ನೊಬ್ಬರು ಎಂಟನೆಯವರು ಎಂಬುದು ಖಚಿತವಾಗಿ ಗೊತ್ತಿರುತ್ತದೆ.

ಆದ್ದರಿಂದ ‘ಅದೊಂದು ಪಟ್ಟಿ ತಾನೆ, ತಲೆ ಕೆಡಿಸಿಕೊಳ್ಳಬೇಡ’ ಎನ್ನುವ ನಿಮ್ಮ ಗೆಳೆಯರ ಮಾತನ್ನು ನಾನು ಒಪ್ಪುವುದಿಲ್ಲ. ಆ ಪಟ್ಟಿಗಳನ್ನು ನೋಡಿ ಬೆಳೆದವರೇ ನಾಳೆ ಶಾಲೆ ಕಾಲೇಜುಗಳ ತಂಡ ಆರಿಸುತ್ತಾರೆ. ಸಿಟ್ಟು ಇರಲಿ. ಆದರೆ ನಿಮ್ಮದೇ ಹತ್ತರ ಪಟ್ಟಿ ಮಾಡಿ ಎದುರಿಗೆ ಹಿಡಿಯಬೇಡಿ, ರಸೆಲ್ ಅವರನ್ನು ಮೂರನೆಯವರೋ ನಾಲ್ಕನೆಯವರೋ ಎಂದು ಸಾಧಿಸಲು ಹೊರಟರೆ ನೀವೂ ಅದೇ ತಕ್ಕಡಿ ಹಿಡಿದಂತಾಗುತ್ತದೆ. ಆ ವಿಶ್ಲೇಷಕರಿಗೆ ಬರೆಯುವುದಾದರೆ ಒಂದೇ ಪ್ರಶ್ನೆ ಕೇಳಿ: 1973ಕ್ಕಿಂತ ಮೊದಲಿನ ಬ್ಲಾಕ್‌ಗಳನ್ನು ತಾವು ಯಾವ ಲೆಕ್ಕದಲ್ಲಿ ಸೇರಿಸಿದ್ದೀರಿ?

ಟೀವಿಯ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. 2019ರ ಅಕ್ಟೋಬರ್‌ನಲ್ಲಿ ವರಳಿಯ ಡೋಮ್‌ನಲ್ಲಿ ಎನ್‌ಬಿಎ ತಂಡಗಳಾದ ಪೇಸರ್ಸ್ ಮತ್ತು ಕಿಂಗ್ಸ್ ಆಡಿದಾಗ ಟಿಕೆಟ್ ಕೊಂಡು ಹೋಗಿದ್ದ ನಾನು ಹೆಚ್ಚು ಹೊತ್ತು ನೋಡಿದ್ದು ಚೆಂಡಿಲ್ಲದವರನ್ನೇ. ಮುಂದಿನ ಪಂದ್ಯದಲ್ಲಿ ನೀವೂ ಒಂದು ಕ್ವಾರ್ಟರ್, ಅಂದರೆ 12 ನಿಮಿಷ, ಒಬ್ಬನೇ ಸೆಂಟರ್‌ನ ಕಾಲುಗಳನ್ನು ನೋಡಿ. ಕ್ಯಾಮೆರಾ ತಪ್ಪಿಸಿದರೆ ಪಂದ್ಯದ ಮರುಪ್ರಸಾರ ಹಾಕಿಕೊಂಡು, ಚೆಂಡು ಬಾಸ್ಕೆಟ್‌ನತ್ತ ಹೊರಟ ಕ್ಷಣದಲ್ಲಿ ನಿಲ್ಲಿಸಿ, ಯಾರ ಬೆನ್ನು ಯಾರ ಎದೆಗೆ ಒತ್ತಿದೆ ಎಂದು ನೋಡಿ.