ಗುಜ್ಮೇನಿಯಾ ಹೂವು ಒಣಗುತ್ತಿದೆ. ದೊಡ್ಡ ಕುಂಡಕ್ಕೆ ಹಾಕಿದರೆ ಮತ್ತೆ ಹೂ ಬಿಡುತ್ತಾ?

ಬಿಡಲ್ಲ. ಕುಂಡ ಬದಲಾಯಿಸಲು ದಯವಿಟ್ಟು ಕೈ ಹಾಕಬೇಡಿ. ನಾನು ಹಾಕಿ ಕೆಟ್ಟವಳು.

ದಸರಾದಲ್ಲಿ ಮೈಸೂರಿನ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬರುವಾಗ ಒಂದು ನರ್ಸರಿಯಲ್ಲಿ ಇದೇ ಗಿಡ ಕೊಂಡಿದ್ದೆ. ಮಂಡ್ಯದವರೆಗೂ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಅತ್ತೆ ನೋಡಿದವರೇ, "ಇದ್ಯಾಕವ್ವ ಅನಾನಸ್ ಗಿಡ ತಂದಿದ್ದೀ? ಹಣ್ಣು ಬುಡ್ತದಾ?" ಅಂದರು. ನಾವೆಲ್ಲ ನಕ್ಕೆವು. ನಗಬಾರದಿತ್ತು. ಗುಜ್ಮೇನಿಯಾದಂಥ ಬ್ರೊಮೆಲಿಯಾಡ್ ಗಿಡಗಳದ್ದು ಅನಾನಸ್ ಕುಟುಂಬವೇ.

ನಾಲ್ಕೈದು ತಿಂಗಳು ಕೆಂಪಗೆ ನಿಂತಿತ್ತು. ಆಮೇಲೆ ಬಣ್ಣ ಇಳಿಯಿತು. ಪಾಪ, ಕುಂಡ ಸಾಲುತ್ತಿಲ್ಲ ಅಂದುಕೊಂಡೆ. 12 ಇಂಚಿನ ಕುಂಡ ತಂದು, ದಾಸವಾಳಕ್ಕೆ ಹಾಕುವ ಹಾಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ಕಲಸಿ ತುಂಬಿದೆ. ಗಿಡ ಅಲ್ಲಾಡುತ್ತಿತ್ತು ಅಂತ ಕೆಳಗಿನ ಎಲೆ ಮುಚ್ಚುವಷ್ಟು ಆಳಕ್ಕೆ ಇಳಿಸಿ ಮಣ್ಣು ಒತ್ತಿದೆ. ದಿನಾ ಬೆಳಿಗ್ಗೆ ಒಂದು ಚೊಂಬು ನೀರು ಬೇರೆ.

ಗಿಡ ಕೊಂದಿದ್ದು ಇದೇ. ಗುಜ್ಮೇನಿಯಾ ಹುಟ್ಟಿದ್ದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡಿನಲ್ಲಿ. ಅಲ್ಲಿ ಹೆಚ್ಚಾಗಿ ಮರದ ಕೊಂಬೆ ಹಿಡಿದು ಬದುಕುತ್ತದೆ. ಬೇರಿನ ಮುಖ್ಯ ಕೆಲಸ ಹಿಡಿದುಕೊಳ್ಳುವುದು. ನೀರು ನಿಲ್ಲುವುದು ಎಲೆಗಳ ನಡುವಿನ ಬಟ್ಟಲಿನಲ್ಲಿ, ಅದನ್ನು ಎಲೆಯೇ ಹೀರಿಕೊಳ್ಳುತ್ತದೆ. ಕೊಂಬೆ ಮೇಲೆ ಗಾಳಿ ಆಡಬೇಕಾದ ಬೇರನ್ನು ನಾನು ಕೆಸರಿನಲ್ಲಿ ಹೂತಿದ್ದೆ. ದೊಡ್ಡ ಕುಂಡದ ಮಣ್ಣು ಬೇಗ ಒಣಗುವುದೂ ಇಲ್ಲ, ಅದರ ಮೇಲೆ ದಿನಾ ಚೊಂಬು ನೀರು! ಮೂರು ವಾರಕ್ಕೆ ನಡುವಿನ ಎಲೆ ಹಿಡಿದು ಮೆಲ್ಲಗೆ ಎಳೆದರೆ ಇಡೀ ಸುಳಿಯೇ ಕೈಗೆ ಬಂತು. ಚರಂಡಿ ವಾಸನೆ.

ಹೊಟ್ಟೆ ಉರಿದಿದ್ದು ಅದಕ್ಕಲ್ಲ. ಕಿತ್ತು ನೋಡಿದರೆ ಬುಡದಲ್ಲಿ ಹೆಬ್ಬೆರಳಿನಷ್ಟು ಎರಡು ಮರಿ. ನಾನೇ ಮಣ್ಣು ಮುಚ್ಚಿದ್ದೆ. ಎರಡೂ ಕೊಳೆತಿದ್ದವು.

ಈಗ ನಿಮ್ಮ ಗಿಡ. ನೀವು ಹೂವು ಅನ್ನುತ್ತಿರುವುದು ಬಣ್ಣ ಬಂದ ಎಲೆ. ನಿಜವಾದ ಹೂವು ಅದರ ಸಂದಿನಲ್ಲಿ ಸಣ್ಣಗೆ ಬಂದು ಹೋಗಿರುತ್ತದೆ. ತಾಯಿಗಿಡ ಇನ್ನು ಹೂ ಬಿಡಲ್ಲ, ನಿಧಾನಕ್ಕೆ ಸಾಯುತ್ತದೆ. ಬಾಳೆ ಒಂದು ಗೊನೆ ಬಿಟ್ಟ ಮೇಲೆ ಅದೇ ದಿಂಡಿನಿಂದ ಇನ್ನೊಂದು ಗೊನೆ ಕೇಳುತ್ತೇವಾ? ಕಂದು ನೋಡಿಕೊಳ್ಳುತ್ತೇವೆ, ಅಷ್ಟೇ. ಇದೂ ಹಾಗೆಯೇ. ಒಣಗಿದ ಹೂದಂಟು ಕತ್ತರಿಸಿ, ತಾಯಿಯನ್ನು ಹಾಗೇ ಬಿಡಿ. ಮರಿ ತಾಯಿಯ ಅರ್ಧದಷ್ಟು ಎತ್ತರ ಬಂದ ಮೇಲೆ ಚಾಕುವಿನಿಂದ ಬಿಡಿಸಿ, ತೆಂಗಿನ ಸಿಪ್ಪೆ ಚೂರು ಮತ್ತು ಇದ್ದಿಲು ಹಾಕಿದ ನಾಲ್ಕೈದು ಇಂಚಿನ ಕುಂಡಕ್ಕೆ ನೆಡಿ. ಸಿಪ್ಪೆಗೇನು ನಮ್ಮ ಕಡೆ ಬರವಾ? ಆದರೆ ಎರಡು ದಿನ ನೀರಲ್ಲಿ ನೆನೆಸಿ, ಕಂದು ನೀರು ಚೆಲ್ಲಿ ಬಳಸಿ.

ನೀರನ್ನು ಬಟ್ಟಲಿಗೆ ಹಾಕಿ. ಬೋರ್‌ವೆಲ್ ನೀರು ಬೇಡ, ನಮ್ಮನೆಯದು ಎಲೆ ಮೇಲೆ ಬಿಳಿ ಕಲೆ ಕೂರಿಸುತ್ತದೆ. ಮಳೆನೀರು ಹಿಡಿದಿಡಿ. ವಾರಕ್ಕೊಮ್ಮೆ ಗಿಡ ಬಗ್ಗಿಸಿ ಹಳೇ ನೀರು ಚೆಲ್ಲಿ, ಇಲ್ಲದಿದ್ದರೆ ಡೆಂಗಿ ಸೊಳ್ಳೆಗೆ ನೀವೇ ತೊಟ್ಟಿಲು ಕಟ್ಟಿದ ಹಾಗೆ. ಬಟ್ಟಲಿಗೆ ಗೊಬ್ಬರ ಬೇಡವೇ ಬೇಡ.

ಸೇಬು ಇಟ್ಟು ಕವರ್ ಮುಚ್ಚಿದರೆ ಹೂ ಬರುತ್ತಂತೆ ಅಂತಲೂ ಕೇಳಿದ್ದೀರಿ. ಸುಳ್ಳಲ್ಲ, ಮಾಗಿದ ಸೇಬಿನಿಂದ ಎಥಿಲೀನ್ ಅನ್ನುವ ಅನಿಲ ಬರುತ್ತದೆ, ಅದು ಹೂ ಬಿಡಿಸುತ್ತದೆ. ಆದರೆ ಅದು ಬಲಿತು, ಇನ್ನೂ ಹೂ ಬಿಡದ ಗಿಡಕ್ಕೆ. ನಿಮ್ಮದಕ್ಕೆ ಸುಮ್ನೆ ಸೇಬು ದಂಡ, ತಿನ್ನಿ.

ಮೊದಲು ಕೆಳಗಿನ ಎಲೆ ಸರಿಸಿ ನೋಡಿ. ಹಸಿರು ಮೊಳಕೆ ಥರ ಏನಾದರೂ ಇಣುಕುತ್ತಿದೆಯಾ?