ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಮೇಲೆ ವಿಂಡೋಸ್ 11

ನಿಮ್ಮದು 2019ರ ಲ್ಯಾಪ್‌ಟಾಪ್, 8ನೇ ತಲೆಮಾರಿನ ಐ5. ಅಂಗಡಿಯವರು ಹಳೇ ಡಿಸ್ಕನ್ನು ಕ್ಲೋನ್ ಮಾಡಿ (ಇದ್ದದ್ದನ್ನು ಹಾಗೇ ನಕಲು ಮಾಡಿ) ಎಸ್‌ಎಸ್‌ಡಿ ಹಾಕಿಕೊಟ್ಟರು. ಈಗ ವಿಂಡೋಸ್ 11 ಹಾಕಲು ಹೋದರೆ ಸೆಕ್ಯೂರ್ ಬೂಟ್ (ಆನ್ ಆಗುವಾಗ ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ರಕ್ಷಣೆ) ಇಲ್ಲ ಅನ್ನುತ್ತಿದೆ, ಲೈಸೆನ್ಸ್ ಹೋಯಿತೇನೋ ಅಂತ ಭಯ, ಅಲ್ವಾ?

ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಅದು ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ಡಿಸ್ಕ್‌ಗಲ್ಲ.

ನನ್ನ ಅನುಮಾನ ಕ್ಲೋನ್ ಮೇಲೆ. ಹಳೇ ಡಿಸ್ಕ್ ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೇ ವಿಧಾನ) ಆಗಿದ್ದರೆ ಕ್ಲೋನ್ ಕೂಡ ಸಾಮಾನ್ಯವಾಗಿ ಎಂಬಿಆರ್ ಆಗೇ ಬರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಎಡಗಡೆ 'ಡಿಸ್ಕ್ 0' ಅಂತ ಬರೆದಿರುವ ಚೌಕದ ಮೇಲೆ ರೈಟ್ ಕ್ಲಿಕ್ ಮಾಡಿ. ಪ್ರಾಪರ್ಟೀಸ್, ಆಮೇಲೆ ವಾಲ್ಯೂಮ್ಸ್. 'ಪಾರ್ಟಿಷನ್ ಸ್ಟೈಲ್' ಮುಂದೆ ಎಂಬಿಆರ್ ಅಂತಿದ್ದರೆ ಅದನ್ನು ಜಿಪಿಟಿ (ಹೊಸ ವಿಧಾನ) ಮಾಡಬೇಕು, ಸೆಕ್ಯೂರ್ ಬೂಟ್ ಜೊತೆ ವಿಂಡೋಸ್ ಶುರುವಾಗಲು ಅದು ಬೇಕು.

ಫಾರ್ಮ್ಯಾಟ್ ಬೇಕಿಲ್ಲ. ವಿಂಡೋಸ್ 10ರಲ್ಲೇ ಎಂಬಿಆರ್‌ಟುಜಿಪಿಟಿ ಅನ್ನೋ ಟೂಲ್ ಇದೆ. ಮೊದಲು ವ್ಯಾಲಿಡೇಟ್ (ಬದಲಿಸಬಹುದೇ ಅಂತ ಪರೀಕ್ಷೆ) ಮಾಡಿ, ಸರಿ ಅಂದರೆ ಮಾತ್ರ ಕನ್ವರ್ಟ್. ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿ ಲಾಕ್ ಮಾಡುವ ವಿಂಡೋಸ್ ಸೌಲಭ್ಯ) ಇದ್ದರೆ ಮೊದಲೇ ಸಸ್ಪೆಂಡ್ ಮಾಡಿಕೊಳ್ಳಿ. ಫೋಟೋ, ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡದೆ ದಯವಿಟ್ಟು ಇದಕ್ಕೆ ಕೈ ಹಾಕಬೇಡಿ.

ಕನ್ವರ್ಟ್ ಆದ ಮೇಲೆ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮೊದಲು ಬರುವ ಸೆಟ್ಟಿಂಗ್ಸ್) ಹೋಗಿ ಬೂಟ್ ಮೋಡನ್ನು ಲೆಗಸಿಯಿಂದ (ಹಳೇದು) ಯುಇಎಫ್‌ಐಗೆ (ಹೊಸದು) ಬದಲಿಸಿ, ಸೆಕ್ಯೂರ್ ಬೂಟ್ ಆನ್ ಮಾಡಿ. ಈ ಕ್ರಮ ತಪ್ಪಬಾರದು. ನನ್ನ ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಬಯಾಸ್ ಮೊದಲು ಬದಲಿಸಿಬಿಟ್ಟೆವು, ಡಿಸ್ಕೇ ಕಾಣದೆ ಕಪ್ಪು ಪರದೆ ಬಂತು. ವಾಪಸ್ ಲೆಗಸಿ ಮಾಡಿದ ಮೇಲೆ ಸರಿಹೋಯಿತು.

ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 (ಭದ್ರತಾ ಚಿಪ್) ಬಯಾಸ್‌ನಲ್ಲಿ ಆಫ್ ಆಗಿರಬಹುದು, ಅದನ್ನೂ ನೋಡಿ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಜಾಸ್ತಿ ಮುಂದೂಡಬೇಡಿ. ಹಳೇ ಹಾರ್ಡ್ ಡಿಸ್ಕ್ ಇನ್ನೂ ನಿಮ್ಮ ಹತ್ತಿರ ಇದ್ದರೆ, ಎಲ್ಲ ಸರಿಯಾಗುವವರೆಗೆ ಹಾಗೇ ಎತ್ತಿಡಿ.